ಕಟ್ಟಿಟ್ಟ ಬುತ್ತಿ

ಕಸ ಬಿಟ್ಟುಹೋಗುವವರಲ್ಲಿ ಎರಡು ಪಂಗಡಗಳುಂಟು. ತಿಂದ ಹಣ್ಣಿನ ಸಿಪ್ಪೆಯನ್ನು ನಿಂತಲ್ಲಿಯೇ ಎಸೆದು, ಕೈ ಕೊಡವಿಕೊಂಡು ನಡೆದುಬಿಡುವವರದು ಒಂದು ಪಂಗಡ. ಇವರನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಬರೆದಾಗಿದೆ. ಶಾಲೆಯ ಪಾಠಗಳಲ್ಲಿ ಬುದ್ಧಿವಾದ ಹೇಳಿಯೂ ಆಗಿದೆ. ಈ ವಾರ ನಾವು ಮಾತನಾಡಬೇಕೆಂದಿರುವುದು ಎರಡನೆಯ ಪಂಗಡವನ್ನು ಕುರಿತು. ಇವರು ಸಭ್ಯರು. ಉಂಡ ತಟ್ಟೆ, ಮಿಕ್ಕ ಅನ್ನ, ಕುಡಿದ ಲೋಟ, ಕೈ ಒರೆಸಿದ ಕಾಗದ ಎಲ್ಲವನ್ನೂ ಒಂದೂ ಬಿಡದಂತೆ ಆಯ್ದು ಪ್ಲಾಸ್ಟಿಕ್ ಚೀಲವೊಂದಕ್ಕೆ ತುಂಬುತ್ತಾರೆ. ಚೀಲದ ಎರಡು ಕಿವಿಗಳನ್ನು ಹಿಡಿದು ಬಿಗಿಯಾಗಿ ಗಂಟು ಹಾಕುತ್ತಾರೆ. ತಾವು ಕುಳಿತಿದ್ದ ಜಾಗವನ್ನೊಮ್ಮೆ ತಿರುಗಿ ನೋಡಿ ತೃಪ್ತಿಪಡುತ್ತಾರೆ. ಅನಂತರ ಆ ಗಂಟನ್ನು ಮರದ ಬುಡದಲ್ಲಿಯೋ ಬಂಡೆಯ ಮರೆಯಲ್ಲಿಯೋ ಇಟ್ಟು, ಇಲ್ಲವೆ ಗಿಡದ ಕೊಂಬೆಗೆ ನೇತುಹಾಕಿ, ಹಗುರವಾದ ಮನಸ್ಸಿನಿಂದ ಹೊರಟುಹೋಗುತ್ತಾರೆ.

ಮೊದಲನೆಯವನಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿಲ್ಲ. ಎರಡನೆಯವನಿಗೆ ಆ ಅರಿವುಂಟು. ಅವನು ಹಾಕಿದ ಗಂಟೇ ಅದಕ್ಕೆ ಸಾಕ್ಷಿ. ಹತ್ತರಲ್ಲಿ ಒಂಬತ್ತು ಪಾಲು ಕೆಲಸವನ್ನು ಅವನು ಅಚ್ಚುಕಟ್ಟಾಗಿಯೇ ಮಾಡಿದ್ದಾನೆ. ಆದರೆ ಕೊನೆಯ ಒಂದು ಪಾಲನ್ನು ಬಿಟ್ಟದ್ದರಿಂದ ಉಳಿದುದೆಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗಂಟು ಕಟ್ಟದೆ ಹಾಗೆಯೇ ಬಿಟ್ಟಿದ್ದರೆ ಆಗುತ್ತಿದ್ದ ಕೇಡಿಗಿಂತ ಗಂಟು ಕಟ್ಟಿ ಬಿಟ್ಟದ್ದರಿಂದ ಆಗುವ ಕೇಡು ಎಷ್ಟೋ ಬಗೆಯಲ್ಲಿ ಹೆಚ್ಚು. ವಿಚಿತ್ರವೆನಿಸುವ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಕಡೆಗೆ ಹರಿದು, ಕೂಡಿ, ವೇದಾವತಿಯಾಗುತ್ತವೆ. ಆ ನದಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ, ಸಿಮೆಂಟಿನ ಹಂಗಿಲ್ಲದೆ ಕಲ್ಲು ಮತ್ತು ಸುಣ್ಣದ ಗಾರೆಯಿಂದ ಮೈಸೂರು ಸಂಸ್ಥಾನ ಕಟ್ಟಿಸಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜ್ಯಭಾರ ನಡೆಸಿದ ಅವರ ತಾಯಿ, ವಾಣಿವಿಲಾಸ ಸನ್ನಿಧಾನವೆಂದು ಹೆಸರಾದ ಕೆಂಪನಂಜಮ್ಮಣ್ಣಿಯವರ ಹೆಸರು ಅದಕ್ಕೆ ಬಂದಿತು. ಜನ ಮಾತ್ರ, ಅಲ್ಲಿ ನೆಲೆಸಿರುವ ಕಣಿವೆ ಮಾರಮ್ಮನ ನೆನಪಿನಿಂದ ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಮಳೆಯೇ ಕಡಿಮೆಯಾದ ಸೀಮೆ, ದೊಡ್ಡ ಜಲಾಶಯ. ಆದುದರಿಂದ ಅದು ತುಂಬಿ ಕೋಡಿ ಬೀಳುವುದೆಂದರೆ ಒಂದು ತಲೆಮಾರಿನ ಸುದ್ದಿ. 130 ಅಡಿಯ ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿತು. ಮತ್ತೆ ತುಂಬಿ ಕೋಡಿ ಹರಿಯುವುದಕ್ಕೆ 89 ವರ್ಷ ಕಾಯಬೇಕಾಯಿತು. ಅದು 2022ರ ಸೆಪ್ಟೆಂಬರಿನಲ್ಲಿ. ಅನಂತರ 2025ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಿತು. ಅಜ್ಜ ಕಂಡಿದ್ದನ್ನು ಮೊಮ್ಮಗ ಕಾಣುವ ಭಾಗ್ಯವೆಂದು ಜನ ತಂಡೋಪತಂಡವಾಗಿ ಬಂದರು. ಬುತ್ತಿಯೂ ಬಂದಿತು.

ಇಲ್ಲಿ ಕಾಲವು ಒಂದು ಚೋದ್ಯವನ್ನು ಮಾಡಿದೆ. ಮಾರಿಕಣಿವೆ ಮೊದಲ ಸಲ ತುಂಬಿದ 1933ನೆಯ ಇಸವಿಯಲ್ಲಿಯೇ, ಇಂಗ್ಲೆಂಡಿನ ನಾರ್ತ್‌ವಿಚ್ ಎಂಬ ಊರಿನ ರಸಾಯನಶಾಲೆಯೊಂದರಲ್ಲಿ ಇಬ್ಬರು ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಭಾರಿ ಒತ್ತಡಕ್ಕೆ ಗುರಿಪಡಿಸಿ ಮತ್ತೇನನ್ನೋ ಹುಡುಕುತ್ತಿದ್ದಾಗ, ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತು ಉಳಿದುದನ್ನು ಕಂಡರು. ಅದೇ ಪಾಲಿಥೀನ್. 1965ರಲ್ಲಿ ಸ್ವೀಡನ್ನಿನ ಸಂಸ್ಥೆಯೊಂದು, ಅದೇ ವಸ್ತುವಿನ ಕೊಳವೆಯನ್ನು ಮಡಿಸಿ, ಕತ್ತರಿಸಿ, ಎರಡು ಕಿವಿಗಳುಳ್ಳ ಕೈಚೀಲ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆಯಿತು. ಹೀಗಾಗಿ, ಮೊದಲ ಸಲ ತುಂಬಿದ ಕೆರೆಯನ್ನು ನೋಡಲು ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರುವುದು ಸಾಧ್ಯವೇ ಇರಲಿಲ್ಲ. 2022ರಲ್ಲಿ ಬಂದವರಲ್ಲಿ ಅದಿಲ್ಲದವರನ್ನು ಹುಡುಕಬೇಕಾಗಿತ್ತು. ಒಂದು ಕೋಡಿಗೂ ಇನ್ನೊಂದು ಕೋಡಿಗೂ ನಡುವೆ ಪಾಲಿಥೀನ್ ರಸಾಯನಶಾಲೆಯ ಪಾತ್ರೆಯಿಂದ ಹೊರಟು ಜಗತ್ತಿನ ಮರಮರದ ಬುಡಕ್ಕೂ ಬಂದು ಕುಳಿತಿತು.

ನಮ್ಮ ಹಿರಿಯರು ಕಸ ಬಿಡುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಬಿಡುತ್ತಿದ್ದರು. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದವರು ಹೊಂಗೆಯ ಮರದ ನೆರಳಿನಲ್ಲಿ ಮುತ್ತುಗದ ಎಲೆ ಹಾಸಿ ಉಂಡು, ಎಲೆಯನ್ನು ಅಲ್ಲಿಯೇ ಬೇಲಿಯ ಪಕ್ಕಕ್ಕೆ ಹಾಕಿ, ಚೆಂಬಿನ ನೀರಿನಿಂದ ಕೈ ತೊಳೆದು ಏಳುತ್ತಿದ್ದರು. ಎಲೆಯಲ್ಲಿದ್ದ ಅನ್ನ ಕಾಗೆಗೆ ಆಯಿತು. ಬಾಳೆಯೆಲೆಯಾದರೆ ದನಕ್ಕೆ ಆಯಿತು. ಮುತ್ತುಗದೆಲೆ ನಾಲ್ಕು ಬಿಸಿಲಿಗೆ ಒಣಗಿ, ಒಂದು ಮಳೆಗೆ ಮಣ್ಣಾಯಿತು. ಅವರು ನಮಗಿಂತ ಹೆಚ್ಚು ನೀತಿವಂತರಾಗಿದ್ದರೆಂದಲ್ಲ. ಅವರ ಕೈಯಲ್ಲಿದ್ದ ಪದಾರ್ಥ ನೀತಿವಂತವಾಗಿತ್ತು. ಪದಾರ್ಥ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಇಂದಿನ ತೊಂದರೆಯ ಬೇರು ಇರುವುದು ಇಲ್ಲಿ.

ಇನ್ನು ಗಂಟು ಕಟ್ಟಿದ ಮೇಲೆ ನಡೆಯುವ ಸಂಭಾಷಣೆ. ಇದನ್ನು ವಾಚಕರು ಯಾವುದಾದರೂ ವಿಹಾರಸ್ಥಳದಲ್ಲಿ ಕೇಳಿಯೇ ಇರುತ್ತಾರೆ.

“ರೀ, ಇದನ್ನು ಡಿಕ್ಕಿಯಲ್ಲಿ ಇಡಲೇ?”

“ಬೇಡ, ಬೇಡ. ಮುಸುರೆ ಸೋರಿ ಕಾರೆಲ್ಲ ನಾರುತ್ತೆ. ಆ ಮರದ ಹತ್ತಿರ ಇಟ್ಟುಬಿಡು. ಆಗಲೇ ಯಾರೋ ಎರಡು ಇಟ್ಟಿದ್ದಾರಲ್ಲ.”

“ಅಜ್ಜೀ, ಇಲ್ಲಿಗೆ ಕಸದ ಗಾಡಿ ಬರುತ್ತಾ?”

“ಬರುತ್ತೆ ಮಗೂ. ಯಾರಾದರೂ ಬಂದೇ ಬರುತ್ತಾರೆ.”

ಈ ನಾಲ್ಕು ಮಾತುಗಳಲ್ಲಿ ಮೂರು ನಂಬಿಕೆಗಳು ಅಡಗಿವೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಮುಸುರೆಯ ಮಾತು ಮೊದಲನೆಯದು. ಎಂಜಲು, ಮುಸುರೆ, ಮೈಲಿಗೆ ಎಂಬ ಭಾವನೆಗಳು ನಮ್ಮ ಮನೆಗಳನ್ನು ಶುಚಿಯಾಗಿ ಇಟ್ಟಿವೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅವು ಹೊಸ್ತಿಲವರೆಗೆ ಮಾತ್ರ ಶುಚಿಯನ್ನು ಕಾಯುತ್ತವೆ. ಹೊಸ್ತಿಲಾಚೆ ತಳ್ಳಿದೊಡನೆ ಎಂಜಲು ನಮ್ಮದಲ್ಲವಾಗುತ್ತದೆ. ಕಾರಿಗೂ ಈಗ ಹೊಸ್ತಿಲು ಬಂದಿದೆ. ತಾನು ಉಂಡ ಎಂಜಲನ್ನು ತನ್ನ ಬಂಡಿಯಲ್ಲಿ ಎರಡು ಗಂಟೆ ಇಟ್ಟುಕೊಳ್ಳಲಾರದವನು, ಅದೇ ಎಂಜಲನ್ನು ಬೇರೊಬ್ಬರು ಬರಿಗೈಯಿಂದ ಎತ್ತಲೆಂದು ಬಿಟ್ಟುಹೋಗುವುದರಲ್ಲಿ ದೋಷ ಕಾಣುವುದಿಲ್ಲ. ಮಡಿಯ ಲೆಕ್ಕದಲ್ಲಿಯೂ ಇದು ಸರಿಹೊಂದುವ ಮಾತಲ್ಲ.

‘ಆಗಲೇ ಯಾರೋ ಇಟ್ಟಿದ್ದಾರೆ’ ಎಂಬುದು ಎರಡನೆಯದು. ಒಂದು ಗಂಟು ಇರುವ ಕಡೆ ಎರಡನೆಯದನ್ನು ಇಡಲು ಧೈರ್ಯ ಬೇಕಾಗಿಲ್ಲ. ಎರಡಿದ್ದರೆ ಅದು ಕಸದ ಜಾಗವೆಂದೇ ನಿಶ್ಚಯವಾಗುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಹೈದರಾಲಿಯ ಸೈನಿಕರು ಆ ಕಿಂಡಿಯಿಂದ ದಂಡಾಗಿ ಬರಲಿಲ್ಲ, ಒಬ್ಬೊಬ್ಬರಾಗಿ ನುಸುಳಿದರು ಎಂದು ಕಥೆ ಹೇಳುತ್ತದೆ. ಚೀಲಗಳೂ ಹಾಗೆಯೇ, ಲಾರಿಯಲ್ಲಿ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ಓಬವ್ವ ಮೊದಲನೆಯವನನ್ನೇ ತಡೆದಳು ಎಂಬುದರಲ್ಲಿ ಅವಳ ಜಾಣತನವಿದೆ. ಆದರೆ ಅದೇ ಕೋಟೆಯ ಬಂಡೆಗಳ ಸಂದಿಗೆ ಗಂಟು ತುರುಕಿ ಬರುವವರು, ಕೋಟೆಯನ್ನು ಕಟ್ಟಿದವರು ಆ ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಹೊಂಡದಿಂದ ಹೊಂಡಕ್ಕೆ ಇಳಿದು ಊರಿನ ಸಂತೆಹೊಂಡದವರೆಗೂ ಬರುವಂತೆ ಏರ್ಪಾಟು ಮಾಡಿದ್ದರೆಂಬುದನ್ನು ಮರೆಯುತ್ತಾರೆ. ನೀರು ಇಳಿಯುವ ದಾರಿಯಲ್ಲಿಯೇ ಚೀಲವೂ ಇಳಿಯುತ್ತದೆ.

ಮೂರನೆಯದು ಅಜ್ಜಿಯ ಮಾತು. ಎಲ್ಲಕ್ಕಿಂತ ಮೃದುವಾದುದು, ಎಲ್ಲಕ್ಕಿಂತ ಅಪಾಯದ್ದು. ‘ಯಾರಾದರೂ ಬಂದೇ ಬರುತ್ತಾರೆ.’ ಯಾರು ಬರುತ್ತಾರೆ? ನಗರಸಭೆಯ ಗಾಡಿ ಊರಿನ ಬೀದಿಗಳಲ್ಲಿ ಓಡಾಡುತ್ತದೆ. ಗ್ರಾಮ ಪಂಚಾಯಿತಿಗಳಿಗೂ ಈಗ ‘ಸ್ವಚ್ಛ ವಾಹಿನಿ’ ಎಂಬ ಗಾಡಿಗಳು ಬಂದಿವೆ. ಅನೇಕ ಕಡೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೇ ಅವುಗಳ ಚಾಲಕರು. ಆದರೆ ಅವು ಮನೆಮನೆಗೆ ಹೋಗುವ ಗಾಡಿಗಳು. ಗುಡ್ಡದ ಕಾಲುದಾರಿಗೆ, ಜಲಾಶಯದ ಹಿನ್ನೀರಿನ ದಂಡೆಗೆ, ಹೆದ್ದಾರಿಯ ಸಾಲುಮರದ ಬುಡಕ್ಕೆ ದಿನವೂ ಬರುವ ಗಾಡಿ ಯಾವುದೂ ಇಲ್ಲ. ಬೆಂಗಳೂರಿನಿಂದ ಚಿತ್ರದುರ್ಗದತ್ತ ಸಾಗುವ ಹೆದ್ದಾರಿಯಲ್ಲಿ ಹಿರಿಯೂರು ಒಂದು ಕೂಡುರಸ್ತೆ. ಆ ದಾರಿಯಲ್ಲಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟ ಸಂಸಾರಗಳಿಗೆ ನೆರಳು ಕಂಡಲ್ಲೆಲ್ಲ ಊಟದ ಮನೆ. ಅವರು ಎದ್ದುಹೋದ ಮೇಲೆ ಆ ನೆರಳಿಗೆ ವಾರಸುದಾರರಿಲ್ಲ.

ಹಾಗೆಂದು ಯಾರೂ ಬರುವುದಿಲ್ಲವೆಂದು ಅಲ್ಲ. ಮೊದಲು ನಾಯಿ ಬರುತ್ತದೆ. ಗಂಟನ್ನು ಬಿಚ್ಚಲು ಅದಕ್ಕೆ ಬೆರಳುಗಳಿಲ್ಲ, ಹರಿಯಲು ಹಲ್ಲುಗಳುಂಟು. ಕಾಡಿನ ಅಂಚಿನಲ್ಲಿ ನಾಯಿಗಳು ನೆಲೆನಿಂತರೆ ಅವುಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ಆಮೇಲೆ ದನ ಬರುತ್ತದೆ. ಗಂಟು ಕಟ್ಟಿದ್ದರಿಂದಾದ ಅನಾಹುತ ಇಲ್ಲಿ ಸ್ಪಷ್ಟವಾಗುತ್ತದೆ. ಬಿಡಿಯಾಗಿ ಬಿದ್ದ ಅನ್ನವನ್ನು ದನ ನೆಕ್ಕಿ ಹೋಗುತ್ತಿತ್ತು. ಗಂಟಿನೊಳಗಿನ ಅನ್ನದ ವಾಸನೆ ಹಿಡಿದು ಬಂದಾಗ ಅದು ಚೀಲಸಮೇತ ನುಂಗುತ್ತದೆ. ದನದ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲನೆಯದಾದ ದೊಡ್ಡ ಕೋಣೆಗೆ ಹೋಗಿ ಬಿದ್ದ ಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ. ಅಲ್ಲಿಯೇ ಒಂದರ ಮೇಲೊಂದು ಸೇರಿ ಗಟ್ಟಿ ಉಂಡೆಯಾಗಿ ಮೇವಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ದನ ಹಸಿವಿನಿಂದ ಸೊರಗುತ್ತದೆ. ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆ ಬೀದಿ ದನಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆಯ ಮೂಲಕ ಹತ್ತಾರು ಕಿಲೋ ಪ್ಲಾಸ್ಟಿಕನ್ನು ಹೊರತೆಗೆದು, 2012ರಲ್ಲಿ ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಕೊಂಡೊಯ್ದಿತು. ಗೋಪೂಜೆಯ ದಿನ ಹಸುವಿನ ಹಣೆಗೆ ಕುಂಕುಮವಿಡುವ ಕೈಯೇ ಮರುದಿನ ಈ ಗಂಟನ್ನೂ ಕಟ್ಟುತ್ತದೆಯೆಂಬುದು ಯೋಚಿಸಬೇಕಾದ ವಿಷಯ.

ಕೊನೆಗೆ ಗಾಳಿ ಬರುತ್ತದೆ. ಚಿತ್ರದುರ್ಗದ ಸೀಮೆಗೆ ಮಳೆ ಬಡತನ, ಗಾಳಿಗೆ ಬಡತನವಿಲ್ಲ. ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಅದನ್ನು ಹೇಳುತ್ತವೆ. ನಾಯಿ ಹರಿದ ಚೀಲವನ್ನು ಆ ಗಾಳಿ ಎತ್ತಿಕೊಂಡು ಹೋಗಿ ಬಳ್ಳಾರಿಜಾಲಿಯ ಮುಳ್ಳಿಗೆ ಸಿಕ್ಕಿಸುತ್ತದೆ. ಅಲ್ಲಿಂದ ಹೊಲಕ್ಕೆ, ಹೊಲದಿಂದ ಕಾಲುವೆಗೆ. ಅಣೆಕಟ್ಟಿನ ನಾಲೆಗಳು ತೆಂಗು ಅಡಕೆಯ ತೋಟಗಳಿಗೆ ನೀರು ಹರಿಸುವಲ್ಲಿ, ತೂಬಿನ ಬಾಯಿಗೆ ಚೀಲ ಅಡ್ಡ ನಿಂತರೆ ಅದನ್ನು ಕೈಹಾಕಿ ತೆಗೆಯುವವನು ರೈತ.

ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಪುಡಿಯಾಗುತ್ತದೆ, ನಾಶವಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಣ್ಣಿಗೂ ನೀರಿಗೂ ಸೇರುತ್ತದೆ. ನೆದರ್ಲೆಂಡ್ಸಿನ ವಿಜ್ಞಾನಿಗಳು 22 ಮಂದಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡುದಾಗಿ 2022ರಲ್ಲಿ ಪ್ರಕಟಿಸಿದರು. ಮಾರಿಕಣಿವೆಯ ನೀರು ಹಿರಿಯೂರು, ಚಿತ್ರದುರ್ಗ ಮೊದಲಾದ ಊರುಗಳ ನಲ್ಲಿಗಳಲ್ಲಿ ಬರುವ ಕುಡಿಯುವ ನೀರು. ಅಂದಮೇಲೆ ಭಾನುವಾರ ದಂಡೆಯಲ್ಲಿ ಗಂಟು ಇಟ್ಟು ಬಂದ ಚಿತ್ರದುರ್ಗದ ಸಂಸಾರ ಅದನ್ನು ದೂರ ಎಸೆದು ಬಂದಂತಾಗಲಿಲ್ಲ; ತಮ್ಮ ಅಡಿಗೆಮನೆಯ ಕೊಡದ ಪಕ್ಕದಲ್ಲಿಯೇ ಇಟ್ಟು ಬಂದಂತಾಯಿತು. ಮೇಲೆ ಚಿಕ್ಕಮಗಳೂರಿನ ಗಿರಿಗಳಲ್ಲಿ ಪ್ರವಾಸಿಗರು ಬಿಟ್ಟದ್ದು ಹೊಳೆ ಹಿಡಿದು ಹಿರಿಯೂರಿಗೆ ಇಳಿಯುತ್ತದೆ. ಹಿರಿಯೂರಿನಲ್ಲಿ ಬಿಟ್ಟದ್ದು ಹಗರಿಯೆಂದು ಹೆಸರು ಬದಲಾಯಿಸಿಕೊಂಡ ಅದೇ ನದಿಯ ಜೊತೆಗೆ ಆಂಧ್ರದ ಭೈರವಾನಿತಿಪ್ಪ ಜಲಾಶಯದ ಕಡೆಗೆ ಹೊರಡುತ್ತದೆ. ಪ್ರತಿಯೊಂದು ಊರೂ ಮೇಲಿನ ಊರನ್ನು ಬೈಯುತ್ತ, ಕೆಳಗಿನ ಊರಿಗೆ ಅದನ್ನೇ ಕಳುಹಿಸುತ್ತದೆ.

ಈ ಗಂಟಿಗೆ ಭಕ್ತಿಯ ರೂಪವೂ ಉಂಟು. ಬಾಡಿದ ಹೂವು, ಒಡೆದ ದೇವರ ಪಟ, ವ್ರತದ ಕಲಶಕ್ಕಿಟ್ಟ ಎಲೆ ಇವನ್ನು ಕಸದ ಗಾಡಿಗೆ ಹಾಕಬಾರದೆಂಬುದು ಸರಿಯಾದ ಭಾವನೆಯೇ. ಆದರೆ ಅವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅರಳಿಕಟ್ಟೆಯ ಮೇಲಿಡುವುದು, ಸೇತುವೆಯ ಮೇಲಿಂದ ಹೊಳೆಗೆ ಎಸೆಯುವುದು ವಿಸರ್ಜನೆಯಲ್ಲ. ಹೂವು ನೀರಿನಲ್ಲಿ ಕರಗುವುದಕ್ಕೂ ಗಂಟು ಅವಕಾಶ ಕೊಡದು. ಮನೆಯ ತುಳಸಿಯ ಬುಡದಲ್ಲಿ ಒಂದು ಹಿಡಿ ಮಣ್ಣು ಕೆದಕಿ ಆ ಹೂವನ್ನು ಮುಚ್ಚಿದರೆ ಅದು ತುಳಸಿಗೇ ಸಲ್ಲುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯ ಹಿನ್ನೆಲೆಯಲ್ಲಿಯೇ ನಗರಗಳ ಕಸಕ್ಕೆ ಸಂಬಂಧಿಸಿದ ನಿಯಮಗಳು 2000ದಲ್ಲಿ ದೇಶಕ್ಕೆ ಬಂದವು. 2016ರಲ್ಲಿ ಹೊಸ ನಿಯಮಗಳು ಹೊರಟು, ಕಸವನ್ನು ಹುಟ್ಟಿಸಿದವನೇ ಅದನ್ನು ಬೇರ್ಪಡಿಸಬೇಕು, ಬೀದಿಯಲ್ಲಾಗಲಿ ಬಯಲಿನಲ್ಲಾಗಲಿ ನೀರಿನಲ್ಲಾಗಲಿ ಹಾಕಬಾರದು ಎಂದು ವಿಧಿಸಿದವು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು. 2022ರ ಜುಲೈ 1ರಿಂದ, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಮಾರಿಕಣಿವೆ ಎರಡನೆಯ ಸಲ ಕೋಡಿ ಬಿದ್ದುದು ಆ ನಿಷೇಧಕ್ಕೆ ಎರಡು ತಿಂಗಳು ತುಂಬಿದ ಸಮಯದಲ್ಲಿ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅಧಿಕಾರಿಗಳು ಬೇಸತ್ತು, ಬೀದಿಯಲ್ಲಿ ಕಸ ಎಸೆದವರ ಮನೆ ಹುಡುಕಿ, ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕುವ ಕ್ರಮಕ್ಕೂ ಕೈಹಾಕಿದರು. ನೋಡಿದವರು ನಕ್ಕರು, ಸುರಿಸಿಕೊಂಡವರು ತಲೆತಗ್ಗಿಸಿದರು. ಆದರೆ ಬೀದಿಯಲ್ಲಿ ಕಾವಲು ಇಡಬಹುದು, ಪ್ರತಿಯೊಂದು ಮರದ ಬುಡದಲ್ಲಿ ಇಡಲಾದೀತೇ?

ಕಸದ ತೊಟ್ಟಿಗಳನ್ನೇ ಇಡದೆ ಜನರನ್ನು ದೂರುವುದು ನ್ಯಾಯವೇ ಎಂಬ ಆಕ್ಷೇಪಣೆ ಬರುವುದು ಸಹಜ. ಅದರಲ್ಲಿ ಸತ್ಯಾಂಶವುಂಟು. ಪ್ರವಾಸಿಗರನ್ನು ಕರೆಯುವ ಜಾಗದಲ್ಲಿ ತೊಟ್ಟಿಯನ್ನೂ, ಅದನ್ನು ದಿನವೂ ಖಾಲಿ ಮಾಡುವ ಜನರನ್ನೂ ಒದಗಿಸುವುದು ಆಡಳಿತದ ಕರ್ತವ್ಯವೇ. ಆದರೆ ತುಂಬಿ ಹೊರಚೆಲ್ಲಿದ ತೊಟ್ಟಿಯ ಸುತ್ತ ಗಂಟುಗಳ ಮಾಲೆಯನ್ನು ಕಾಣದ ಊರುಂಟೇ? ಜಪಾನಿನ ಟೋಕಿಯೋ ನಗರದಲ್ಲಿ 1995ರ ವಿಷಾನಿಲದ ದುರಂತವಾದ ಮೇಲೆ ಸಾರ್ವಜನಿಕ ತೊಟ್ಟಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಆ ಕಾರಣಕ್ಕೆ ಬೀದಿಗಳು ತಿಪ್ಪೆಯಾಗಲಿಲ್ಲ. ಜನ ಕಸವನ್ನು ಕೈಚೀಲದಲ್ಲಿಟ್ಟು ಮನೆಗೆ ಒಯ್ಯುವುದನ್ನು ರೂಢಿಸಿಕೊಂಡರು. ಎವರೆಸ್ಟ್ ಶಿಖರ ಏರುವ ಪ್ರತಿಯೊಬ್ಬನೂ ಇಳಿಯುವಾಗ 8 ಕಿಲೋ ಕಸ ಹೊತ್ತು ತರಬೇಕೆಂದು ನೇಪಾಳ 2014ರಲ್ಲಿ ನಿಯಮ ಮಾಡಿತು. ನಮ್ಮ ನೆರೆಯ ನೀಲಗಿರಿ ಜಿಲ್ಲೆಯಲ್ಲಿ 2022ರಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಸೂಚನೆಯಂತೆ, ಮದ್ಯದ ಸೀಸೆಗೆ 10 ರೂಪಾಯಿ ಹೆಚ್ಚಿಗೆ ಪಡೆದು ಖಾಲಿ ಸೀಸೆ ತಂದುಕೊಟ್ಟವರಿಗೆ ಅದನ್ನು ಹಿಂದಿರುಗಿಸುವ ಏರ್ಪಾಟು ಬಂದಿತು. ಕಾಡಿನಲ್ಲಿ ಒಡೆದು ಆನೆಯ ಕಾಲಿಗೆ ಚುಚ್ಚುತ್ತಿದ್ದ ಸೀಸೆಗಳು ಅಂಗಡಿಗೆ ಮರಳತೊಡಗಿದವು. ಹತ್ತು ರೂಪಾಯಿಗೆ ಸಾಧ್ಯವಾದದ್ದು ಮರ್ಯಾದೆಗೆ ಸಾಧ್ಯವಾಗಬಾರದೇ?

ಸಂಸಾರಸ್ಥರು ಮಾಡಬೇಕಾದುದು ಬಹಳವಿಲ್ಲ. ಹೊರಡುವಾಗ ಸ್ಟೀಲಿನ ತಟ್ಟೆ ಲೋಟಗಳನ್ನೋ, ಅಂಗಡಿಯಲ್ಲಿ ಈಗಲೂ ಸಿಗುವ ಮುತ್ತುಗದ ಎಲೆ, ಅಡಕೆಹಾಳೆಯ ತಟ್ಟೆಗಳನ್ನೋ ಇಟ್ಟುಕೊಂಡರೆ ಅರ್ಧ ಕಸ ಹುಟ್ಟುವುದೇ ಇಲ್ಲ. ಬಿಗಿಯಾದ ಮುಚ್ಚಳವಿರುವ ಒಂದು ಹಳೆಯ ಡಬ್ಬವನ್ನು ಡಿಕ್ಕಿಯಲ್ಲಿ ಕಾಯಂ ಆಗಿ ಇರಿಸಿದರೆ ಮುಸುರೆ ಸೋರುವ ಭಯವಿಲ್ಲ. ಒಣಕಸಕ್ಕೆ ಬೇರೊಂದು ಬಟ್ಟೆಯ ಚೀಲ. ಕೂಸಿನ ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿಟ್ಟು ಮನೆಗೆ ತಂದು ಗುರುತು ಮಾಡಿ ಕೊಡಬೇಕು. ಒಡೆದ ಗಾಜನ್ನು ಎಂದಿಗೂ ಗಂಟಿನೊಳಗೆ ಸೇರಿಸಬಾರದು. ಅದನ್ನು ಬಿಚ್ಚುವ ಪೌರಕಾರ್ಮಿಕರ ಕೈಗೆ ಒಳಗಿರುವುದು ತಿಳಿಯುವುದಿಲ್ಲ. ಬಸ್ಸಿನಲ್ಲಿ ಹೋಗುವವರಿಗೆ, ಬುತ್ತಿ ತಂದ ಡಬ್ಬಿಯೇ ಹಿಂದಿರುಗುವಾಗ ಖಾಲಿಯಿರುತ್ತದೆಯಲ್ಲ! ತುಂಬಿದ ಡಬ್ಬಿಯನ್ನು ಹೊತ್ತು ಬಂದ ಕೈಗೆ ಅದಕ್ಕಿಂತ ಹಗುರವಾದ ಎಂಜಲು ಭಾರವಾಗಬೇಕಾಗಿಲ್ಲ.

ಮಕ್ಕಳ ವಿಚಾರವನ್ನೂ ಹೇಳಬೇಕು. ಕಸದ ಗಾಡಿ ಬರುತ್ತದೆಯೇ ಎಂದು ಕೇಳಿದುದು ಮಗು. ದೊಡ್ಡವರಾರಿಗೂ ಹೊಳೆಯದ ಸರಿಯಾದ ಪ್ರಶ್ನೆಯನ್ನು ಅದು ಕೇಳಿತು. ಉತ್ತರವಾಗಿ ದೊರೆತುದು ಒಂದು ಸಮಾಧಾನ. ಅಂಥ ಸಮಾಧಾನಗಳನ್ನು ಹತ್ತು ಸಲ ಕೇಳಿದ ಮೇಲೆ ಮಗು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ, ತಾನೇ ಗಂಟು ಕಟ್ಟಿ ಇಡುವುದನ್ನು ಕಲಿಯುತ್ತದೆ. ಇದಕ್ಕೆ ಬದಲಾಗಿ, “ಇಲ್ಲ ಮಗೂ, ಇಲ್ಲಿಗೆ ಯಾರೂ ಬರುವುದಿಲ್ಲ, ನಾವೇ ತೆಗೆದುಕೊಂಡು ಹೋಗೋಣ” ಎಂದು ಅಜ್ಜಿ ಒಮ್ಮೆ ಹೇಳಿದರೆ, ಅದು ಯಾವ ಪಠ್ಯಪುಸ್ತಕವೂ ಕಲಿಸಲಾರದ ಪಾಠವಾಗುತ್ತದೆ.

ತಪ್ಪದೆ ಬರುವುದನ್ನು ‘ಕಟ್ಟಿಟ್ಟ ಬುತ್ತಿ’ ಎಂದು ಕರೆಯುವುದು ನಮ್ಮ ಭಾಷೆಯ ರೂಢಿ. ಪುಣ್ಯವನ್ನೂ ಪಾಪವನ್ನೂ ಹಿರಿಯರು ಹಾಗೆಯೇ ಕರೆದರು. ಮರದ ಬುಡದಲ್ಲಿ ಬಿಟ್ಟುಬಂದ ಗಂಟು ಮೇವಿನ ಜೊತೆಗೆ ಹಸುವಿಗೆ, ನೀರಿನ ಜೊತೆಗೆ ನಮಗೆ, ನಮ್ಮ ಅನಂತರ ನಮ್ಮ ಮೊಮ್ಮಕ್ಕಳಿಗೆ ಬಂದು ಸೇರುವ ಬುತ್ತಿ. ಮಾರಿಕಣಿವೆ ಮತ್ತೊಮ್ಮೆ ತುಂಬಿ ಹರಿದಾಗ ನೋಡಲು ಹೋಗುವವರು ಅವಶ್ಯವಾಗಿ ಹೋಗಲಿ, ಹೊಟ್ಟೆ ತುಂಬ ಉಣ್ಣಲಿ. ಕಟ್ಟಿದ ಗಂಟನ್ನು ಮಾತ್ರ, ಕಟ್ಟಿದ ಕೈಯಲ್ಲಿಯೇ ಹಿಡಿದು ಮನೆಗೆ ತರಲಿ.